ಪಾರ್ಕಿನ ಪಕ್ಕ ಗೋಪುರ ಎದ್ದರೆ ಪಾರ್ಕಿಗೆ ಏನಾಗುತ್ತದೆ?

ಹಳೆಯ ಪಾರ್ಕೊಂದರ ಎದುರಿನ ಖಾಲಿ ಜಾಗಕ್ಕೆ ಒಂದು ದಿನ ತಗಡಿನ ಬೇಲಿ ಬೀಳುತ್ತದೆ. ಸ್ವಲ್ಪ ದಿನಕ್ಕೆ ಅದರ ಮೇಲೆ ಬೋರ್ಡು ಬರುತ್ತದೆ. ನಲವತ್ತು ಮಹಡಿ, ಕೆಳಗೆ ಮೂರು ಬೇಸ್‌ಮೆಂಟ್. ವಾಕಿಂಗಿಗೆ ಬಂದವರು ನಿಂತು ಓದುತ್ತಾರೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ, ಆಮೇಲೆ ಒಂದು ಸಭೆ ಸೇರುತ್ತದೆ. ಅಲ್ಲಿ ಕಟ್ಟುವವರ ಕಡೆಯಿಂದ ಸಾಮಾನ್ಯವಾಗಿ ಬರುವ ಮಾತು ಇದು: ಪಾರ್ಕಿನೊಳಗೆ ನಾವು ಕಾಲೇ ಇಡುವುದಿಲ್ಲ, ಒಂದು ಮರವನ್ನೂ ಮುಟ್ಟುವುದಿಲ್ಲ.

ಎಷ್ಟೋ ಸಲ ಈ ಮಾತು ನಿಜವೇ ಆಗಿರುತ್ತದೆ. ಹಾಗಾದರೆ ಜನ ಯಾಕೆ ಗಾಬರಿಯಾಗುತ್ತಾರೆ?

ಯಾಕೆಂದರೆ ಬೇಲಿ ಇರುವುದು ಜಮೀನಿನ ದಾಖಲೆಗೆ ಮಾತ್ರ. ಮರಕ್ಕೆ ಅದು ಗೊತ್ತಿಲ್ಲ. ಪಾರ್ಕಿಗೆ ಬೀಳುವ ಬಿಸಿಲು ಪಕ್ಕದ ಸೈಟಿನ ಆಕಾಶದಿಂದ ಬರುತ್ತದೆ, ನೆಲದಡಿಯ ನೀರು ಬೇಲಿ ದಾಟಿ ಹರಿಯುತ್ತದೆ, ದೊಡ್ಡ ಮರದ ಬೇರು ಫುಟ್‌ಪಾತಿನ ಕೆಳಗೂ ಹೋಗಿರುತ್ತದೆ. ಬೇಲಿಯ ಹೊರಗೆ ಮಾಡಿದ ಕೆಲಸ ಬೇಲಿಯ ಒಳಗೆ ಹೇಗೆ ತಾಗುತ್ತದೆ, ಅದನ್ನು ಹೇಗೆ ಅಳೆಯುತ್ತಾರೆ, ತಡೆಯೋಕೆ ಬೇರೆ ಬೇರೆ ಊರುಗಳು ಏನು ಮಾಡಿವೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ಐತಿಹಾಸಿಕ ಪಾರ್ಕು ಅಂದರೆ ಯಾವುದು?

ಹಳೆಯದಾದ ಮಾತ್ರಕ್ಕೆ ಐತಿಹಾಸಿಕ ಆಗುವುದಿಲ್ಲ. ಯಾರೋ ಒಬ್ಬರು ಯೋಚಿಸಿ ಮಾಡಿದ ವಿನ್ಯಾಸ, ಅಲ್ಲಿ ನಡೆದ ಘಟನೆಗಳು, ತಲೆಮಾರುಗಳ ಬಳಕೆ, ಅಪರೂಪದ ಗಿಡಮರ, ಇವುಗಳಲ್ಲಿ ಒಂದಾದರೂ ಇರಬೇಕು. ಅಮೆರಿಕದ ಬಾಸ್ಟನ್ ಕಾಮನ್ 1634ರಿಂದ ಸಾರ್ವಜನಿಕ ಜಾಗ. ಅದರ ಪಕ್ಕದ ಪಬ್ಲಿಕ್ ಗಾರ್ಡನ್ ಶುರುವಾಗಿದ್ದು 1837ರಲ್ಲಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 1858ರಲ್ಲಿ ಜನರಿಗೆ ತೆರೆಯಿತು. ಬರ್ಲಿನ್‌ನ ಟಿಯರ್‌ಗಾರ್ಟನ್ 16ನೇ ಶತಮಾನದಲ್ಲಿ ರಾಜವಂಶದವರ ಬೇಟೆಯ ಕಾಡಾಗಿತ್ತು.

ಇಂಥ ಜಾಗಗಳ ಬಗ್ಗೆ 1981ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತಜ್ಞರು ಸೇರಿ ಒಂದು ದಾಖಲೆ ಬರೆದರು. ಅದಕ್ಕೆ ಫ್ಲಾರೆನ್ಸ್ ಚಾರ್ಟರ್ ಅಂತಾರೆ. ಐತಿಹಾಸಿಕ ಉದ್ಯಾನವನ್ನು ಅದು ಜೀವಂತ ಸ್ಮಾರಕ ಅಂತ ಕರೆಯುತ್ತದೆ. ಈ ಎರಡು ಪದ ಅರ್ಥವಾದರೆ ಅರ್ಧ ವಿಷಯ ಅರ್ಥವಾದಂತೆ. ಕೋಟೆಯ ಗೋಡೆ ಕಲ್ಲು. ಪಕ್ಕದಲ್ಲಿ ಎತ್ತರದ ಕಟ್ಟಡ ಬಂದರೆ ಅದರ ಅಂದ ಕೆಡಬಹುದು, ಆದರೆ ಬಿಸಿಲು ಕಡಿಮೆಯಾಯಿತು ಅಂತ ಕಲ್ಲು ಸಾಯುವುದಿಲ್ಲ. ಉದ್ಯಾನ ಹಾಗಲ್ಲ. ಅದು ದಿನಾ ಬಿಸಿಲು ತಿಂದು, ನೀರು ಕುಡಿದು ಬದುಕಬೇಕು. ಅದಕ್ಕೇ ಆ ಚಾರ್ಟರಿನ 14ನೇ ಕಲಮು ಸುತ್ತಲಿನ ಪರಿಸರವನ್ನೂ ಸೇರಿಸಿ ಮಾತಾಡುತ್ತದೆ. ಉದ್ಯಾನದ ಸಮತೋಲನಕ್ಕೆ ಧಕ್ಕೆ ತರುವ ಬದಲಾವಣೆ ಒಳಗೇ ಆಗಲಿ, ಹೊರಗೇ ಆಗಲಿ, ಕೂಡದು ಅನ್ನುತ್ತದೆ. ಚರಂಡಿ, ರಸ್ತೆ, ಕಾರ್ ಪಾರ್ಕಿಂಗ್ ಎಲ್ಲವನ್ನೂ ಹೆಸರಿಸಿ ಹೇಳುತ್ತದೆ.

ನೆರಳು ಒಳ್ಳೆಯದೇ ಅಲ್ವಾ?

ನಮ್ಮ ಭಾಷೆಯಲ್ಲಿ ನೆರಳು ಅಂದರೆ ತಂಪು, ಆಸರೆ. "ನಿಮ್ಮ ನೆರಳಲ್ಲಿ ಬದುಕಿದೆವು" ಅಂತೀವಿ. ಮರ ಕೊಡುವುದೂ ನೆರಳೇ, ಕಟ್ಟಡ ಚೆಲ್ಲುವುದೂ ನೆರಳೇ. ಒಂದೇ ಪದ ಇರುವುದರಿಂದ ಪಾರ್ಕಿನ ಮೇಲೆ ನೆರಳು ಬಿದ್ದರೆ ಏನು ಕಷ್ಟ ಅಂತ ಅನ್ನಿಸುವುದು ಸಹಜ.

ಆದರೆ ಇವೆರಡೂ ಬೇರೆ. ಮರದ ನೆರಳಿನಲ್ಲಿ ತೂತುಗಳಿರುತ್ತವೆ. ಎಲೆ ಅಲುಗಿದಂತೆ ಬಿಸಿಲಿನ ಚುಕ್ಕೆಗಳು ನೆಲದ ಮೇಲೆ ಓಡಾಡುತ್ತವೆ, ಹುಲ್ಲಿಗೆ ಅಷ್ಟಿಷ್ಟು ಸಿಗುತ್ತಲೇ ಇರುತ್ತದೆ. ಚಳಿಯ ದೇಶಗಳಲ್ಲಿ ಎಷ್ಟೋ ಮರಗಳು ಚಳಿಗಾಲಕ್ಕೆ ಎಲೆ ಉದುರಿಸಿ ದಾರಿ ಬಿಡುತ್ತವೆ. ಕಟ್ಟಡ ಎಲೆ ಉದುರಿಸುವುದಿಲ್ಲ. ಅದರ ನೆರಳು ಗೋಡೆಯಷ್ಟೇ ಗಟ್ಟಿ. ಮತ್ತೆ, ಬಿಸಿಲು ಬೇಕೇ ಬೇಕಾದ ಕಾಲದಲ್ಲೇ, ಅಂದರೆ ಚಳಿಗಾಲದಲ್ಲಿ, ಆ ನೆರಳು ಅತಿ ಉದ್ದವಾಗಿರುತ್ತದೆ.

ಎಷ್ಟು ಉದ್ದ? ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅನ್ನುವುದರ ಮೇಲೆ ಅದು ನಿಂತಿದೆ. 100 ಮೀಟರ್ ಎತ್ತರದ ಕಟ್ಟಡ ತಗೊಳ್ಳಿ. ಭೂಮಧ್ಯರೇಖೆಗೆ ಹತ್ತಿರ, 13 ಡಿಗ್ರಿ ಅಕ್ಷಾಂಶದಲ್ಲಿರುವ ಊರಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನ ಅದರ ನೆರಳು ಸುಮಾರು 74 ಮೀಟರ್. ಅದೇ ಕಟ್ಟಡ 42 ಡಿಗ್ರಿಯಲ್ಲಿರುವ ಬಾಸ್ಟನ್‌ನಲ್ಲಿದ್ದರೆ ಅದೇ ದಿನ ಅದೇ ಹೊತ್ತಿಗೆ ನೆರಳು ಸುಮಾರು 220 ಮೀಟರ್. ಜೂನ್ 21ಕ್ಕಾದರೆ ಬಾಸ್ಟನ್‌ನಲ್ಲೂ 35 ಮೀಟರ್ ದಾಟುವುದಿಲ್ಲ. ಇದು ಮಧ್ಯಾಹ್ನದ ಲೆಕ್ಕ. ಬೆಳಗ್ಗೆ, ಸಂಜೆ ಇನ್ನೂ ಉದ್ದ.

ದಿಕ್ಕೂ ಮುಖ್ಯ. ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಪಾರ್ಕಿನ ದಕ್ಷಿಣಕ್ಕೆ ಎದ್ದ ಗೋಪುರವೇ ಹೆಚ್ಚು ಕಾಟ ಕೊಡುವುದು. ಉತ್ತರಕ್ಕೆ ಎದ್ದರೆ ನೆರಳು ಪಾರ್ಕಿನಿಂದ ದೂರ ಬೀಳುತ್ತದೆ. ನ್ಯೂಯಾರ್ಕಿನ ದುರದೃಷ್ಟ ಅಂದರೆ ಅಲ್ಲಿನ ಅತಿ ಎತ್ತರದ ವಸತಿ ಗೋಪುರಗಳು ಎದ್ದಿದ್ದು ಸೆಂಟ್ರಲ್ ಪಾರ್ಕಿನ ದಕ್ಷಿಣ ಅಂಚಿನ ಬೀದಿಗಳಲ್ಲೇ. ಅವುಗಳಲ್ಲಿ ಒಂದಾದ ಸೆಂಟ್ರಲ್ ಪಾರ್ಕ್ ಟವರ್ 472 ಮೀಟರ್ ಎತ್ತರ ಇದೆ. ಡಿಸೆಂಬರ್ ಮಧ್ಯಾಹ್ನ ಅದರ ನೆರಳು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಚಾಚುತ್ತದೆ. ಆ ಪಾರ್ಕಿನ ಅಗಲವೇ ಸುಮಾರು 800 ಮೀಟರ್!

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸಪೂರ ಗೋಪುರದ ನೆರಳು ಗಡಿಯಾರದ ಮುಳ್ಳಿನ ಥರ ಸರಿಯುತ್ತಾ ಹೋಗುತ್ತದೆ. ಒಂದೇ ಬೆಂಚಿನ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೆ ಒಂದರ ಪಕ್ಕ ಒಂದು ಹತ್ತು ಗೋಪುರ ನಿಂತರೆ ಒಂದರ ನೆರಳು ಸರಿದ ಜಾಗಕ್ಕೆ ಇನ್ನೊಂದರದ್ದು ಬರುತ್ತದೆ. ಆಗ ಆ ಜಾಗಕ್ಕೆ ಬಿಸಿಲಿನ ಹೊತ್ತೇ ಉಳಿಯುವುದಿಲ್ಲ. ಒಂದೊಂದೇ ಕಟ್ಟಡದ ವರದಿ ಓದಿದರೆ "ದಿನಕ್ಕೆ ಬರೀ ಇಪ್ಪತ್ತು ನಿಮಿಷ" ಅಂತ ಇರುತ್ತದೆ. ಹತ್ತು ವರದಿ ಕೂಡಿಸಿ ಓದುವವರು ಕಡಿಮೆ.

ಕೊಡೆ ಹಿಡಿದು ತೋರಿಸಿದ ನೆರಳು

1987ರ ಅಕ್ಟೋಬರ್. ಸೆಂಟ್ರಲ್ ಪಾರ್ಕಿನ ನೈರುತ್ಯ ಮೂಲೆಯ ಕೊಲಂಬಸ್ ಸರ್ಕಲ್‌ನಲ್ಲಿ ಭಾರೀ ಗೋಪುರಗಳ ಯೋಜನೆ ಬಂದಿತ್ತು. ನಕ್ಷೆಯಲ್ಲಿ ನೆರಳನ್ನು ಬೂದು ಬಣ್ಣದಲ್ಲಿ ತೋರಿಸಿದ್ದರು, ಸರಿ. ಆದರೆ ನಕ್ಷೆ ನೋಡಿ ಯಾರಿಗೆ ಏನು ಅನ್ನಿಸುತ್ತದೆ? ಅದಕ್ಕೆ ನೂರಾರು ಜನ ಪಾರ್ಕಿನೊಳಗೆ ಹೋದರು. ಎಲ್ಲರ ಕೈಯಲ್ಲೂ ಕಪ್ಪು ಕೊಡೆ. ನೆರಳು ಎಲ್ಲೆಲ್ಲಿ ಹಾಯುತ್ತದೋ ಅಲ್ಲೆಲ್ಲ ಸಾಲಾಗಿ ನಿಂತರು. ಒಬ್ಬರ ನಂತರ ಒಬ್ಬರು ಕೊಡೆ ಬಿಚ್ಚುತ್ತಾ ಹೋದರು. ಕಾಗದದ ಮೇಲಿದ್ದ ಗೆರೆ ಹುಲ್ಲಿನ ಮೇಲೆ ಕಪ್ಪಗೆ ಎದ್ದು ನಿಂತಿತು. ಆ ಹೋರಾಟದ ಮುಂಚೂಣಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಕೂಡ ಇದ್ದರು.

ಅದೇ ವರ್ಷ ಆ ಜಾಗದ ಮಾರಾಟ ಒಪ್ಪಂದವನ್ನು ನ್ಯಾಯಾಲಯ ರದ್ದು ಮಾಡಿತು, ಆ ವಿನ್ಯಾಸವೂ ಕೈಬಿಟ್ಟುಹೋಯಿತು. ಹಲವು ವರ್ಷಗಳ ಮೇಲೆ ಅಲ್ಲಿ ಎದ್ದ ಜೋಡಿ ಗೋಪುರ ಮೊದಲಿನದಕ್ಕಿಂತ ಗಿಡ್ಡ. ಈ ಘಟನೆ ನನಗೆ ಇಷ್ಟವಾಗುವುದು ಗೆಲುವಿಗಿಂತ ಹೆಚ್ಚಾಗಿ ಆ ಉಪಾಯಕ್ಕೆ. ಇನ್ನೂ ಹುಟ್ಟದ ನೆರಳನ್ನು ಜನ ತಮ್ಮ ಮೈಯಿಂದಲೇ ಬರೆದು ತೋರಿಸಿದರು.

ನೆರಳನ್ನು ಅಳೆಯುವುದು ಹೇಗೆ?

ಯೋಜನಾ ವರದಿಗಳಲ್ಲಿ ನೆರಳಿನ ಅಧ್ಯಯನ ಅಂತ ಒಂದು ಭಾಗ ಇರುತ್ತದೆ. ಸಾಮಾನ್ಯವಾಗಿ ವರ್ಷದ ಮೂರು ನಾಲ್ಕು ದಿನಗಳನ್ನು ಆರಿಸಿಕೊಳ್ಳುತ್ತಾರೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ 21ರ ಆಸುಪಾಸು. ಜೂನ್‌ದು ಅತಿ ಚಿಕ್ಕ ನೆರಳು, ಡಿಸೆಂಬರ್‌ದು ಅತಿ ಉದ್ದ, ಉಳಿದೆರಡು ನಡುವಿನವು. ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿ ಇಟ್ಟು, ಗಂಟೆಗೊಂದರಂತೆ ನೆರಳು ಎಲ್ಲಿ ಬೀಳುತ್ತದೆ ಅಂತ ಬಿಡಿಸುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಮತದಾರರು 1984ರಲ್ಲಿ ಒಂದು ನಿಯಮಕ್ಕೆ ಒಪ್ಪಿಗೆ ಕೊಟ್ಟರು. 40 ಅಡಿಗಿಂತ ಎತ್ತರದ ಹೊಸ ಕಟ್ಟಡ ನಗರದ ಪಾರ್ಕುಗಳ ಮೇಲೆ ನೆರಳು ಚೆಲ್ಲುವಂತಿದ್ದರೆ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಸೂರ್ಯ ಹುಟ್ಟಿ ಒಂದು ಗಂಟೆಯಾದ ಮೇಲಿಂದ ಮುಳುಗುವ ಒಂದು ಗಂಟೆ ಮೊದಲಿನವರೆಗಿನ ಬಿಸಿಲು ಲೆಕ್ಕಕ್ಕೆ ಬರುತ್ತದೆ. ಪಾರ್ಕಿಗೆ ಇಡೀ ವರ್ಷದಲ್ಲಿ ಒಟ್ಟು ಎಷ್ಟು ಬಿಸಿಲು ಸಿಗಬಹುದಿತ್ತು, ಅದರಲ್ಲಿ ಎಷ್ಟು ಪಾಲನ್ನು ಈ ಕಟ್ಟಡ ತಿನ್ನುತ್ತದೆ ಅಂತ ನೋಡುತ್ತಾರೆ. ಇದಕ್ಕೆ ಚದರ ಅಡಿ ಗಂಟೆ ಅನ್ನುವ ಅಳತೆ. ಒಂದು ಚದರ ಅಡಿ ನೆಲದ ಮೇಲೆ ಒಂದು ಗಂಟೆ ನೆರಳು ಬಿದ್ದರೆ ಒಂದು ಅಂಕ. ಕರೆಂಟಿನ ಯೂನಿಟ್ ಇದ್ದ ಹಾಗೆ, ಬಿಸಿಲಿಗೂ ಒಂದು ಮೀಟರು.

ನೆರಳು ಯಾರಿಗೆ ತಾಗುತ್ತದೆ ಅನ್ನೋದೂ ಇದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್ 1910ರಲ್ಲಿ ಹುಟ್ಟಿದ್ದು. ಅದರ ಪಕ್ಕದಲ್ಲೇ ಹಳೆಯ ಮಸಾಲೆ ಕಾರ್ಖಾನೆಯ ಜಾಗದಲ್ಲಿ 39 ಮಹಡಿಯ ಎರಡು ಗೋಪುರಗಳ ಯೋಜನೆ ಬಂತು. ಗಾರ್ಡನ್ನಿನವರ ಮುಖ್ಯ ಆತಂಕ ಅಲ್ಲಿನ ಗಾಜಿನ ಮನೆಗಳದ್ದು. ಬಿಸಿಲಿನ ದೇಶಗಳಿಂದ ಬಂದ ಗಿಡಗಳು ಅಲ್ಲಿ ಸಸಿಯಿಂದ ಬೆಳೆಯುತ್ತವೆ, ಅವಕ್ಕೆ ಗಂಟೆಗಟ್ಟಲೆ ಬಿಸಿಲು ತಪ್ಪಿದರೆ ನಡೆಯುವುದಿಲ್ಲ. 2021ರಲ್ಲಿ ನಗರದ ಯೋಜನಾ ಆಯೋಗ ಆ ಪ್ರಸ್ತಾಪವನ್ನು ತಿರಸ್ಕರಿಸಿತು.

ಗಾಳಿ, ಮತ್ತೆ ಕನ್ನಡಿಯ ಬಿಸಿಲು

ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಜಾಸ್ತಿ. ಆ ಗಾಳಿ ಗೋಪುರದ ಮೈಗೆ ಬಡಿದಾಗ ಒಂದಿಷ್ಟು ಅಕ್ಕಪಕ್ಕ ಹೋಗುತ್ತದೆ, ಒಂದಿಷ್ಟು ಗೋಡೆಗುಂಟ ಕೆಳಗೆ ಇಳಿದು ಬುಡದಲ್ಲಿ ರಭಸವಾಗಿ ಹೊರಳುತ್ತದೆ. ಕಟ್ಟಡದ ಬುಡದಲ್ಲಿ ವೇದಿಕೆಯಂಥ ತಗ್ಗಿನ ಮಹಡಿಗಳನ್ನು ಕಟ್ಟಿ, ಗೋಪುರವನ್ನು ಹಿಂದಕ್ಕೆ ಸರಿಸಿದರೆ ಆ ಗಾಳಿ ನೆಲ ಮುಟ್ಟುವ ಮೊದಲೇ ಮುರಿಯುತ್ತದೆ.

ನೆರಳಿಗೆ ಉಲ್ಟಾ ತೊಂದರೆಯೂ ಇದೆ. ಅಮೆರಿಕದ ಡಲ್ಲಾಸ್‌ನಲ್ಲಿ ನ್ಯಾಷರ್ ಶಿಲ್ಪ ಸಂಗ್ರಹಾಲಯಕ್ಕೆ ಸೇರಿದ ತೋಟ ಒಂದಿದೆ. ಅದರ ಹತ್ತಿರ 42 ಮಹಡಿಯ ಗಾಜಿನ ಗೋಪುರ ಎದ್ದ ಮೇಲೆ, ಗಾಜಿಗೆ ಬಡಿದ ಬಿಸಿಲು ತಿರುಗಿ ತೋಟಕ್ಕೆ ಬೀಳತೊಡಗಿತು. ಮೇಲಿನಿಂದ ಒಂದು ಸೂರ್ಯ, ಪಕ್ಕದಿಂದ ಇನ್ನೊಂದು. ಹುಲ್ಲು, ಗಿಡಗಳು ಸುಟ್ಟ ದೂರು 2012ರ ಹೊತ್ತಿಗೆ ದೊಡ್ಡ ಜಗಳವೇ ಆಯಿತು. ಗೋಪುರ ಎದ್ದಾಗಿತ್ತು. ಆಮೇಲೆ ಇಡೀ ಗಾಜಿನ ಮೈಯನ್ನು ಬದಲಿಸುವುದು ಸುಮ್ನೆ ಮಾತಾ?

ಕಣ್ಣಿಗೆ ಕಾಣದ ಭಾಗ: ಬೇರು

ನೆರಳಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಾಣುತ್ತದಲ್ಲ. ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ನೆಲದ ಕೆಳಗಿನದ್ದು.

ಮರದ ಬೇರು ಅಂದರೆ ನಾವು ಕಾಂಡದಷ್ಟೇ ಆಳಕ್ಕೆ ಇಳಿದ ಗೂಟ ಅಂದುಕೊಳ್ಳುತ್ತೇವೆ. ನಿಜವಾಗಿ ಹೆಚ್ಚಿನ ಬೇರುಗಳು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಇರುತ್ತವೆ. ಆಳಕ್ಕಿಂತ ಅಗಲಕ್ಕೆ ಹರಡುತ್ತವೆ, ಎಷ್ಟೋ ಸಲ ಕೊಂಬೆಗಳ ಹರವನ್ನೂ ದಾಟಿ. ನೀರು, ಗೊಬ್ಬರ ಹೀರುವುದು ಕೂದಲೆಳೆಯಷ್ಟು ತೆಳ್ಳನೆಯ ತುದಿಬೇರುಗಳು. ಅವು ಮಣ್ಣಿನ ಮೇಲ್ಪದರದಲ್ಲೇ ಹೆಚ್ಚು, ಯಾಕೆಂದರೆ ಅವಕ್ಕೆ ಉಸಿರಾಡೋಕೆ ಗಾಳಿಯೂ ಬೇಕು.

ಈಗ ಪಾರ್ಕಿನ ಅಂಚಿನಲ್ಲಿ ನಿಂತ ಒಂದು ಮರವನ್ನು ಹತ್ತಿರದಿಂದ ನೋಡಿ. ಬೇಲಿಯಿಂದ ಎರಡು ಮೀಟರ್ ಒಳಗಿದೆ. ಕಾಂಡದ ಅಡ್ಡಳತೆ 80 ಸೆಂಟಿಮೀಟರ್. ಬ್ರಿಟನ್ನಿನ ಕಟ್ಟಡ ಕೆಲಸಗಳಲ್ಲಿ ಬಳಸುವ ಮಾನದಂಡದ ಪ್ರಕಾರ ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗೆ ಸುತ್ತಲಿನ ನೆಲವನ್ನು ಬೇರಿನ ರಕ್ಷಣಾ ವಲಯ ಅಂತ ಬಿಡಬೇಕು. 80 ಸೆಂಟಿಮೀಟರಿಗೆ ಅದು 9.6 ಮೀಟರ್. ಅಂದರೆ ಬೇಲಿಯ ಆಚೆ ಏಳೂವರೆ ಮೀಟರಿನವರೆಗೆ ಆ ಮರದ ನೆಲ ಇದೆ. ಅಲ್ಲಿ ಪೈಪಿಗೆ ಅಂತ ಉದ್ದಕ್ಕೆ ಕಾಲುವೆ ತೋಡಿದರೆ ಒಂದು ಪಕ್ಕದ ಬೇರೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಮರವನ್ನು ಯಾರೂ ಮುಟ್ಟಲಿಲ್ಲ, ಮಾತು ತಪ್ಪಲಿಲ್ಲ. ಆದರೂ ಅದರ ಬಾಯಿಯ ಅರ್ಧ ಭಾಗ ಕತ್ತರಿಸಿಹೋಯಿತು.

ತೋಡದೇ ಇದ್ದರೂ ಕೇಡು ಆಗಬಹುದು. ಬೇರಿನ ಮೇಲೆ ಲಾರಿ ಓಡಾಡಿದರೆ, ಕಬ್ಬಿಣ ರಾಶಿ ಹಾಕಿದರೆ ಮಣ್ಣು ಒತ್ತಿಕೊಳ್ಳುತ್ತದೆ. ಒಳ್ಳೆಯ ಮಣ್ಣು ಸ್ಪಂಜಿನ ಹಾಗೆ, ಅರ್ಧದಷ್ಟು ಜಾಗ ಗಾಳಿಗೂ ನೀರಿಗೂ ಇರುತ್ತದೆ. ಒತ್ತಿದ ಮೇಲೆ ಸ್ಪಂಜು ತಾನೇ ಉಬ್ಬುತ್ತದೆ, ಮಣ್ಣು ಉಬ್ಬುವುದಿಲ್ಲ. ಮಳೆ ಬಂದರೆ ನೀರು ಮೇಲೆಯೇ ಹರಿದು ಹೋಗುತ್ತದೆ.

ಇನ್ನೂ ಕಷ್ಟದ ಸಂಗತಿ ಅಂದರೆ ಮರ ತಕ್ಷಣ ಏನನ್ನೂ ಹೇಳುವುದಿಲ್ಲ. ಕೂಡಿಟ್ಟ ಶಕ್ತಿಯಲ್ಲಿ ಕೆಲವು ವರ್ಷ ತಳ್ಳುತ್ತದೆ. ಮೊದಲು ನೆತ್ತಿಯ ಕಡೆ ಎಲೆ ಚಿಕ್ಕದಾಗುತ್ತದೆ, ಆಮೇಲೆ ತುದಿಕೊಂಬೆ ಒಣಗುತ್ತದೆ. ಅಷ್ಟರಲ್ಲಿ ಕಟ್ಟಡ ಮುಗಿದು, ಜನ ವಾಸಕ್ಕೆ ಬಂದು, ಕಂಟ್ರಾಕ್ಟರ್ ಬೇರೆ ಊರಿಗೆ ಹೋಗಿ ಆಗಿರುತ್ತದೆ. ಮರ ವಯಸ್ಸಾಗಿ ಸತ್ತಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ನೀರು ಎಳೆಯುವ ಗುಂಡಿ, ಮತ್ತೆ ಬರ್ಲಿನ್‌ನ ಮುಳುಗುಗಾರರು

ಸಮುದ್ರದ ದಡದ ಮರಳಲ್ಲಿ ಗುಂಡಿ ತೋಡಿ ನೋಡಿದ್ದೀರಲ್ಲ? ಸ್ವಲ್ಪ ಹೊತ್ತಿಗೆ ಸುತ್ತಲಿಂದ ನೀರು ಬಂದು ತುಂಬುತ್ತದೆ. ಅದನ್ನು ಮೊಗೆದು ಹಾಕುತ್ತಲೇ ಇದ್ದರೆ ಪಕ್ಕದ ಮರಳು ಒಣಗುತ್ತಾ ಬರುತ್ತದೆ. ಆಳದ ಬೇಸ್‌ಮೆಂಟಿಗೆ ಗುಂಡಿ ತೋಡುವಾಗಲೂ ಇದೇ ಆಗುವುದು. ಗುಂಡಿ ಒಣಗಿರಬೇಕು ಅಂತ ಹಗಲೂ ರಾತ್ರಿ ಪಂಪು ಓಡಿಸುತ್ತಾರೆ. ಸುತ್ತಲಿನ ಅಂತರ್ಜಲ ಕುಸಿಯುತ್ತದೆ. ಮಣ್ಣು ನೀರನ್ನು ಸಲೀಸಾಗಿ ಬಿಡುವಂಥದ್ದಾದರೆ ಕುಸಿತ ಬಹಳ ದೂರದವರೆಗೆ ಹೋಗುತ್ತದೆ. ಶತಮಾನದಿಂದ ಒಂದೇ ಮಟ್ಟದ ನೀರಿಗೆ ಒಗ್ಗಿಕೊಂಡ ಮರಕ್ಕೆ ಒಂದೇ ಬೇಸಿಗೆಯಲ್ಲಿ ಬೇರು ಕೆಳಕ್ಕಿಳಿಸು ಅಂದರೆ ಆಗುವುದಿಲ್ಲ.

ಇದನ್ನು ತಡೆಯೋಕೆ ಆಗುತ್ತದಾ? ಆಗುತ್ತದೆ. 1990ರ ದಶಕದಲ್ಲಿ ಬರ್ಲಿನ್‌ನ ಪಾಟ್ಸ್‌ಡಾಮರ್ ಪ್ಲಾಟ್ಸ್ ಅನ್ನುವ ಚೌಕದಲ್ಲಿ ಯೂರೋಪಿನ ಅತಿ ದೊಡ್ಡ ಕಟ್ಟಡ ಕೆಲಸಗಳಲ್ಲಿ ಒಂದು ನಡೆಯುತ್ತಿತ್ತು. ಪಕ್ಕದಲ್ಲೇ ಟಿಯರ್‌ಗಾರ್ಟನ್. ಬರ್ಲಿನ್ ಮರಳು ನೆಲದ ಊರು, ಕೆಲವೇ ಮೀಟರ್ ಕೆಳಗೆ ನೀರು. ಎಂದಿನಂತೆ ಪಂಪು ಮಾಡಿದ್ದರೆ ಪಾರ್ಕಿನ ಮರಗಳ ನೀರು ಹೋಗುತ್ತಿತ್ತು. ಆ ಮರಗಳಿಗೂ ಒಂದು ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಸೌದೆಗೆ ಅಂತ ಜನ ಕಡಿದು ಕಡಿದು ಅಲ್ಲಿ ಕೆಲವೇ ನೂರು ಮರ ಉಳಿದಿದ್ದವು. 1949ರಿಂದ ಮತ್ತೆ ನೆಟ್ಟು ಬೆಳೆಸಿದ್ದು ಅದು.

ಹಾಗಾಗಿ ನೀರಿನ ಮಟ್ಟ ಇಳಿಯದಂತೆ ಕಟ್ಟುವ ದಾರಿ ಹುಡುಕಿದರು. ಸುತ್ತ ನೀರು ನುಸುಳದ ಗೋಡೆ ಇಳಿಸಿದರು. ಒಳಗಿನ ಗುಂಡಿಯನ್ನು ನೀರು ತುಂಬಿದ್ದ ಹಾಗೆಯೇ ತೋಡಿದರು, ಅದೊಂದು ಕೆರೆಯ ಥರ ಕಾಣುತ್ತಿತ್ತು. ಆಮೇಲೆ ಮುಳುಗುಗಾರರು ಆ ಕೊಳಕು ನೀರಿನ ತಳಕ್ಕೆ ಇಳಿದು, ಎದುರಿನದು ಏನೂ ಕಾಣದ ಕತ್ತಲಲ್ಲಿ ಕಾಂಕ್ರೀಟಿನ ತಳ ಹಾಕಿದರು. ಅದು ಗಟ್ಟಿಯಾದ ಮೇಲಷ್ಟೇ ಒಳಗಿನ ನೀರು ತೆಗೆದರು. ಈಗ ತೊಟ್ಟಿ ಮುಚ್ಚಿದಂತಾಯಿತು, ಹೊರಗಿನ ನೀರು ಹೊರಗೇ ಉಳಿಯಿತು. ಉದ್ದಕ್ಕೂ ಅಂತರ್ಜಲದ ಮಟ್ಟವನ್ನು ಅಳೆಯುತ್ತಲೇ ಇದ್ದರು. ಅದೇ ಪಾರ್ಕಿನ ಅಡಿಯಲ್ಲಿ ಹಾದುಹೋಗುವ ರಸ್ತೆ ಸುರಂಗ 2006ರಲ್ಲಿ ತೆರೆಯಿತು.

ಖರ್ಚು ಹೆಚ್ಚಾಯಿತು, ಸಮಯ ಹಿಡಿಯಿತು. ಆದರೆ ಮರ ಉಳಿಸಿ ಕಟ್ಟೋಕೆ ಆಗುವುದೇ ಇಲ್ಲ ಅಂತ ಯಾರಾದರೂ ಅಂದರೆ ನಾನು ಆ ಮುಳುಗುಗಾರರನ್ನೇ ನೆನೆಯುತ್ತೇನೆ.

ರಾತ್ರಿ ಬೆಳಕು ಮತ್ತು ಹಕ್ಕಿಗಳು

ಹಗಲು ಬಿಸಿಲು ಕಡಿಮೆ, ರಾತ್ರಿ ಬೆಳಕು ಜಾಸ್ತಿ. ಗೋಪುರ ಪಾರ್ಕಿಗೆ ಎರಡನ್ನೂ ತಲೆಕೆಳಗು ಮಾಡುತ್ತದೆ. ರಾತ್ರಿಯ ಬೆಳಕಿಗೆ ಹತ್ತಿರ ಇರುವ ಮರಗಳು ಎಲೆ ಉದುರಿಸುವುದನ್ನು ತಡ ಮಾಡುತ್ತವೆ. ಹುಳುಗಳು ದೀಪದ ಕಡೆ ಹೋಗಿ ಸಾಯುತ್ತವೆ. ವಲಸೆ ಹಕ್ಕಿಗಳು ಊರಿನ ನಡುವೆ ಹಸಿರು ಕಂಡಲ್ಲಿ ಇಳಿಯುತ್ತವೆ, ಬೆಳಗ್ಗೆ ಎದ್ದು ಹಾರುವಾಗ ಎದುರಿನ ಗಾಜಿನಲ್ಲಿ ಮರದ ಪ್ರತಿಬಿಂಬ ಕಂಡು ಅದೂ ಮರವೇ ಅಂತ ಬಡಿದುಕೊಳ್ಳುತ್ತವೆ. ನ್ಯೂಯಾರ್ಕ್ 2020ರ ಕಾನೂನಿನಲ್ಲಿ ಹೊಸ ಕಟ್ಟಡಗಳಿಗೆ ಹಕ್ಕಿಗೆ ಕಾಣುವಂಥ ಗುರುತಿನ ಗಾಜು ಕಡ್ಡಾಯ ಮಾಡಿತು.

ನೋಟಕ್ಕೂ ರಕ್ಷಣೆ ಬೇಕಾ?

ಹಳೆಯ ಉದ್ಯಾನ ಮಾಡಿದವರು ಮರ ನೆಟ್ಟಷ್ಟೇ ಎಚ್ಚರದಿಂದ ನೋಟವನ್ನೂ ನೆಟ್ಟಿದ್ದಾರೆ. ಈ ತಿರುವಿನಲ್ಲಿ ಕೆರೆ ಕಾಣಬೇಕು, ಆ ಸಾಲಿನ ತುದಿಯಲ್ಲಿ ಬರೀ ಆಕಾಶ ಇರಬೇಕು ಅಂತ. ಆ ಆಕಾಶದಲ್ಲಿ ಗೋಪುರ ನಿಂತರೆ ಗಿಡಕ್ಕೇನೂ ಆಗುವುದಿಲ್ಲ, ಆದರೆ ವಿನ್ಯಾಸ ಮುರಿಯುತ್ತದೆ.

ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಒಂದು ದಿಬ್ಬ ಇದೆ. ಅಲ್ಲಿ ಪೊದೆಯ ಸಂದಿಯಲ್ಲಿ ಕಣ್ಣಿಟ್ಟರೆ ಸುಮಾರು 16 ಕಿಲೋಮೀಟರ್ ದೂರದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತದೆ. ಆ ದಾರಿಗೆ ಯಾರೂ ಅಡ್ಡ ಕಟ್ಟದಂತೆ ನಿಯಮ ಇದೆ. ಆದರೆ 2016ರಲ್ಲಿ ನೋಡಿದರೆ ಗುಮ್ಮಟದ ಹಿಂದೆ ಹೊಸ ಗೋಪುರದ ಆಕೃತಿ! ಅದು ಚರ್ಚಿನಿಂದಲೂ ಎಷ್ಟೋ ಕಿಲೋಮೀಟರ್ ಆಚೆ, ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಎದ್ದ 42 ಮಹಡಿಯ ಕಟ್ಟಡ. ಎದುರಿಗೆ ಬರುವುದನ್ನು ತಡೆದಿದ್ದರು, ಬೆನ್ನ ಹಿಂದೆ ಬರುವುದು ಯಾರ ಗಮನಕ್ಕೂ ಬಂದಿರಲಿಲ್ಲ.

ಲಂಡನ್ನಿನದೇ ಆದ ಕ್ಯೂ ಸಸ್ಯೋದ್ಯಾನದ ಕಥೆ ಬೇರೆ. ಅದು 2003ರಿಂದ ವಿಶ್ವ ಪರಂಪರೆ ತಾಣ. ನದಿಯ ಆಚೆ 32 ಮಹಡಿಯ ಗೋಪುರ ಕಟ್ಟುವ ಯೋಜನೆಗೆ 2019ರಲ್ಲಿ ಬ್ರಿಟನ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಉದ್ಯಾನದೊಳಗಿಂದ ಅದು ಕಾಣುತ್ತದೆ, ಪರಂಪರೆಗೆ ಧಕ್ಕೆ ಅನ್ನುವುದು ದೊಡ್ಡ ಕಾರಣವಾಗಿತ್ತು. ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಜಾಗಗಳ ಸುತ್ತ ಸಾಮಾನ್ಯವಾಗಿ ಬಫರ್ ವಲಯ ಗುರುತಿಸುತ್ತಾರೆ. ಆ ವಲಯದಲ್ಲಿ ಏನೂ ಕಟ್ಟಬಾರದು ಅಂತಲ್ಲ, ಕಟ್ಟುವ ಮುಂಚೆ ಒಳಗಿನ ಜಾಗಕ್ಕೆ ಏನಾಗುತ್ತದೆ ಅಂತ ಉತ್ತರ ಕೊಡಬೇಕು.

ಕಾನೂನು ಇದ್ದರೂ ದಾರಿ ಹೇಗೆ ಸಿಗುತ್ತದೆ?

ನೆರಳಿನ ಮೇಲಿನ ಸಿಟ್ಟಿನಿಂದ ಹುಟ್ಟಿದ ನಿಯಮಗಳಿಗೆ ನೂರು ವರ್ಷ ದಾಟಿದೆ. 1915ರಲ್ಲಿ ನ್ಯೂಯಾರ್ಕಿನಲ್ಲಿ ಎಕ್ವಿಟಬಲ್ ಕಟ್ಟಡ ಸುಮಾರು 40 ಮಹಡಿ ನೇರಕ್ಕೆ ಎದ್ದು ಸುತ್ತಲಿನ ಬೀದಿಗಳನ್ನು ಕತ್ತಲು ಮಾಡಿತು. ಅದರ ಮರುವರ್ಷವೇ ನಗರ ಒಂದು ನಿಯಮ ತಂದಿತು: ಮೇಲೆ ಹೋದಂತೆ ಕಟ್ಟಡ ಮೆಟ್ಟಿಲಿನ ಹಾಗೆ ಹಿಂದಕ್ಕೆ ಸರಿಯಬೇಕು.

ಪಾರ್ಕಿಗೆಂದೇ ಮಾಡಿದ ಕಾನೂನುಗಳಲ್ಲಿ ಬಾಸ್ಟನ್ನಿನದು ಗಟ್ಟಿ. ಬಾಸ್ಟನ್ ಕಾಮನ್‌ಗೆ 1990ರಲ್ಲಿ, ಪಬ್ಲಿಕ್ ಗಾರ್ಡನ್‌ಗೆ 1993ರಲ್ಲಿ ರಾಜ್ಯ ಮಟ್ಟದ ನೆರಳಿನ ಕಾನೂನು ಬಂತು. ಮುಂಜಾನೆ ಮತ್ತು ಸಂಜೆಯ ಸ್ವಲ್ಪ ಹೊತ್ತು ಬಿಟ್ಟು ಹೊಸ ಕಟ್ಟಡ ಅಲ್ಲಿ ಹೊಸ ನೆರಳು ಚೆಲ್ಲಬಾರದು. ಕಾಮನ್‌ಗೆ ಮಾತ್ರ ನೆರಳಿನ ಬ್ಯಾಂಕ್ ಅಂತ ಒಂದು ವ್ಯವಸ್ಥೆ ಇತ್ತು. ಹತ್ತಿರದ ಒಂದು ಬಡಾವಣೆಯ ಕಟ್ಟಡಗಳೆಲ್ಲ ಸೇರಿ ಒಟ್ಟು ಒಂದು ಎಕರೆಯಷ್ಟು ನೆರಳನ್ನು ಮಾತ್ರ ಖರ್ಚು ಮಾಡಬಹುದು, ಖಾತೆ ಖಾಲಿಯಾದರೆ ಮುಗಿಯಿತು.

2017ರಲ್ಲಿ ಆ ಕಾನೂನಿಗೆ ಪರೀಕ್ಷೆ ಬಂತು. ವಿನ್‌ತ್ರಾಪ್ ಸ್ಕ್ವೇರ್ ಅನ್ನುವಲ್ಲಿ ನಗರದ್ದೇ ಜಾಗದಲ್ಲಿ ಗೋಪುರ ಕಟ್ಟೋಕೆ 15 ಕೋಟಿ ಡಾಲರಿಗಿಂತ ಜಾಸ್ತಿ ಹಣ ಬರುವುದಿತ್ತು. ಗೋಪುರದ ನೆರಳು ಬೆಳಗಿನ ಹೊತ್ತು ಎರಡೂ ಪಾರ್ಕುಗಳಿಗೆ ತಾಗುತ್ತಿತ್ತು. ಕಾನೂನಿನ ಪ್ರಕಾರ ಕೂಡದು. ಕೊನೆಗೆ ಆ ಒಂದು ಕಟ್ಟಡಕ್ಕೆ ವಿನಾಯಿತಿ ಕೊಡುವ ಹೊಸ ಕಾನೂನೇ ಬಂತು. ಬದಲಿಗೆ ನೆರಳಿನ ಬ್ಯಾಂಕನ್ನು ಮುಚ್ಚಿದರು. ಬಂದ ಹಣದಲ್ಲಿ 2.8 ಕೋಟಿ ಡಾಲರನ್ನು ಬಾಸ್ಟನ್ ಕಾಮನ್‌ಗೆ ತೆಗೆದಿಟ್ಟರು, ಬೇರೆ ಪಾರ್ಕುಗಳಿಗೂ ಬಡವರ ವಸತಿಗೂ ಪಾಲು ಹೋಯಿತು. ಒಳ್ಳೆಯ ವ್ಯವಹಾರ ಅಂದವರೂ ಇದ್ದರು, ಒಂದು ಸಲ ಬಾಗಿಲು ತೆರೆದರೆ ಇನ್ನೊಂದು ಸಲವೂ ತೆರೆಯುತ್ತದೆ ಅಂತ ಹೆದರಿದವರೂ ಇದ್ದರು. ನನಗೆ ಎರಡನೆಯವರ ಮಾತು ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಹಣ ಒಮ್ಮೆ ಬಂದು ಖರ್ಚಾಗುತ್ತದೆ, ಗೋಪುರ ನಿಂತಿರುವಷ್ಟು ವರ್ಷ ನೆರಳು ದಿನಾ ಬರುತ್ತದೆ.

ಸೆಂಟ್ರಲ್ ಪಾರ್ಕಿಗೆ ಅಂಥ ಕಾನೂನೇ ಇಲ್ಲ. ಅಲ್ಲಿ ಗಾಳಿಯ ಹಕ್ಕು ಅಂತ ಒಂದು ಪದ್ಧತಿ ಇದೆ. ನಿಮ್ಮ ಸೈಟಿನಲ್ಲಿ 20 ಮಹಡಿ ಕಟ್ಟಬಹುದು, ನೀವು 5 ಕಟ್ಟಿದ್ದೀರಿ ಅಂದುಕೊಳ್ಳಿ. ಉಳಿದ 15 ಮಹಡಿಯಷ್ಟು ಹಕ್ಕನ್ನು ಪಕ್ಕದ ಸೈಟಿನವರಿಗೆ ಮಾರಬಹುದು. ಹೀಗೆ ಹಲವು ಸೈಟುಗಳ ಹಕ್ಕು ಒಂದೇ ಕಡೆ ಪೇರಿಸಿದಾಗ 400 ಮೀಟರ್ ದಾಟಿದ ಗೋಪುರ ಏಳುತ್ತದೆ. ಎಲ್ಲವೂ ನಿಯಮದೊಳಗೇ ಇದ್ದರೆ ಸಾರ್ವಜನಿಕ ಪರಿಶೀಲನೆಯ ಅಗತ್ಯವೂ ಬೀಳುವುದಿಲ್ಲ.

ಹಾಗಾದರೆ ಏನೂ ಕಟ್ಟಲೇಬಾರದಾ?

ಹಾಗೆ ಹೇಳೋಕೆ ಆಗುವುದಿಲ್ಲ. ಊರಿಗೆ ಮನೆ ಬೇಕು. ಪಾರ್ಕಿನ ಹತ್ತಿರ ಹೆಚ್ಚು ಜನ ಇದ್ದರೆ ಹೆಚ್ಚು ಜನಕ್ಕೆ ಪಾರ್ಕು ಸಿಗುತ್ತದೆ. ನೆರಳಿನ ನೆಪ ಹೇಳಿ ಬಡವರ ಮನೆಗಳನ್ನೂ ತಡೆಯುತ್ತಾರೆ ಅನ್ನುವ ದೂರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೆ, ಅದನ್ನು ತಳ್ಳಿಹಾಕುವಂತಿಲ್ಲ.

ಕಟ್ಟಬೇಕಾ ಬೇಡವಾ ಅನ್ನೋದಕ್ಕಿಂತ ಹೇಗೆ ಕಟ್ಟಬೇಕು ಅನ್ನೋದರಲ್ಲಿ ಜಾಸ್ತಿ ಜಾಗ ಇದೆ. ಬ್ರೂಕ್ಲಿನ್‌ನ ಅದೇ ಮಸಾಲೆ ಕಾರ್ಖಾನೆಯ ಜಾಗಕ್ಕೆ ಆಮೇಲೆ ತಗ್ಗಿನ ಯೋಜನೆ ಬಂತು. ಅತಿ ಹೆಚ್ಚು ಅಂದರೆ 14 ಮಹಡಿ, ಗಾರ್ಡನ್ನಿನ ಕಡೆಗೆ ಇಳಿಜಾರು. 2024ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 39 ಮತ್ತು 14ರ ನಡುವೆ ಬಿಸಿಲಿನ ಲೆಕ್ಕವೇ ಮಾತಾಡಿದ್ದು.

ನಿಮ್ಮ ಕೈಗೆ ವರದಿ ಬಂದರೆ

ಇಂಥ ಯೋಜನೆಯ ವರದಿ ನೂರಾರು ಪುಟ ಇರುತ್ತದೆ, ಎಲ್ಲವನ್ನೂ ಓದೋಕೆ ಯಾರಿಗೂ ಪುರುಸೊತ್ತಿಲ್ಲ. ಕೆಲವು ಕಡೆ ಬೆರಳಿಟ್ಟು ಕೇಳಿದರೆ ಸಾಕು. ನೆರಳಿನ ಚಿತ್ರ ಡಿಸೆಂಬರ್‌ಗೂ ಇದೆಯಾ, ಜೂನ್‌ಗೆ ಮಾತ್ರವಾ? ಈ ಒಂದೇ ಕಟ್ಟಡದ ನೆರಳಾ, ಈಗಾಗಲೇ ಒಪ್ಪಿಗೆ ಪಡೆದ ಅಕ್ಕಪಕ್ಕದವನ್ನೂ ಸೇರಿಸಿದ್ದಾರಾ? ಬೇಲಿಯ ಅಂಚಿನ ಮರಗಳ ಬೇರಿನ ವಲಯವನ್ನು ನಕ್ಷೆಯಲ್ಲಿ ಸೈಟಿನ ಒಳಕ್ಕೂ ಎಳೆದಿದ್ದಾರಾ, ಬೇಲಿಗೇ ನಿಲ್ಲಿಸಿದ್ದಾರಾ? ಬೇಸ್‌ಮೆಂಟಿನ ನೀರು ಎಲ್ಲಿಗೆ ಹೋಗುತ್ತದೆ? ಪಾರ್ಕಿನೊಳಗೆ ನೀರಿನ ಮಟ್ಟ ಅಳೆಯುವ ಕೊಳವೆ ಇದೆಯಾ, ಅದರ ಅಂಕಿ ವಾರ ವಾರ ಯಾರ ಕಣ್ಣಿಗೆ ಬೀಳುತ್ತದೆ, ಎಷ್ಟು ಇಳಿದರೆ ಪಂಪು ನಿಲ್ಲಿಸುತ್ತಾರೆ?

ಮತ್ತೆ ಇನ್ನೊಂದು, ಸಭೆಗಳಲ್ಲಿ ಸುಲಭವಾಗಿ ಬಿಟ್ಟುಹೋಗುವಂಥದ್ದು. ಮರಗಳ ಮೇಲೆ ನಿಗಾ ಇಡುವ ಹೊಣೆ ಎಷ್ಟು ವರ್ಷದವರೆಗೆ ಅಂತ ಬರೆದಿದೆ? ಕಟ್ಟಡ ಮುಗಿದ ದಿನಕ್ಕೆ ಅದೂ ಮುಗಿಯುತ್ತದೆ ಅಂತ ಇದ್ದರೆ, ಅಂಚಿನ ಮರದ ನೆತ್ತಿ ಒಣಗುವ ಹೊತ್ತಿಗೆ ಕೇಳೋಕೆ ಯಾರೂ ಇರುವುದಿಲ್ಲ. ಅದನ್ನು ಹತ್ತು ವರ್ಷ ಅಂತ ಬರೆಸಿ, ಅಷ್ಟಕ್ಕೂ ಬೇಕಾದ ಹಣವನ್ನು ಮೊದಲೇ ಠೇವಣಿ ಇಡಿಸಿಕೊಳ್ಳಿ.